ಅರಿಶಿನ ಹತ್ತಿದ ಕಂಪ್ಯೂಟರಿನ ಬೆಲೆ

ಯಾರಾದರೂ ಒಂದು ವಸ್ತುವನ್ನು ಮುಂದಿಟ್ಟು, "ಇದಕ್ಕೆಷ್ಟು ಬರಬಹುದು, ಸುಮ್ಮನೆ ಒಂದು ಅಂದಾಜು ಹೇಳಿ" ಎಂದರೆ ನನ್ನ ಅಂಗೈ ಬೆವರುತ್ತದೆ. ಹಾವಿಗೆ ಹೆದರುವವರಿದ್ದಾರೆ, ಎತ್ತರಕ್ಕೆ ಹೆದರುವವರಿದ್ದಾರೆ, ಹೆಂಡತಿಯ ತವರಿನವರಿಗೆ ಹೆದರುವವರಂತೂ ಬೇಕಾದಷ್ಟು ಮಂದಿ. ಅವರಿಗೆಲ್ಲ ಲೋಕದಲ್ಲಿ ಒಂದು ಮರ್ಯಾದೆ ಇದೆ. ಅಂದಾಜಿಗೆ ಹೆದರುವವನೆಂದರೆ ಜನ ನಗುತ್ತಾರೆ. ಆದರೆ ನೋಡಿ, 'ಸುಮ್ಮನೆ' ಎಂಬ ಆ ಮಾತೇ ದೊಡ್ಡ ಸುಳ್ಳು. ಸುಮ್ಮನೆ ಕೇಳಿದ ಅಂದಾಜನ್ನು ಯಾರೂ ಸುಮ್ಮನೆ ಮರೆಯುವುದಿಲ್ಲ. ಬಹಳ ಹಿಂದೆ ಗೆಳೆಯನೊಬ್ಬ ಮೈಸೂರಿನ ಹೊರಗಿನ ಒಂದು ಸೈಟು ತೋರಿಸಿ ನನ್ನ ಅಭಿಪ್ರಾಯ ಕೇಳಿದ. "ಇಲ್ಲಿ ನರೀನೂ ಮನೆ ಕಟ್ಟಲ್ಲ ಕಣೋ" ಅಂದೆ. ಅವನು ಕೊಳ್ಳಲಿಲ್ಲ. ಈಗ ಅಲ್ಲಿ ನರಿಯೊಂದನ್ನು ಬಿಟ್ಟು ಉಳಿದವರೆಲ್ಲ ಮನೆ ಕಟ್ಟಿದ್ದಾರೆ. ಆ ಗೆಳೆಯ ಒಳ್ಳೆಯವನು, ಇಂದಿಗೂ ಯುಗಾದಿಗೆ ಶುಭಾಶಯ ಕಳಿಸುತ್ತಾನೆ. ಶುಭಾಶಯದ ಕೊನೆಗೆ ಒಂದು ನರಿಯ ಚಿತ್ರ ಇರುತ್ತದೆ.

ಇಂಥವನ ಪಾಲಿಗೆ ಕಳೆದ ವರ್ಷ ಒಂದು ಹಳೆಯ ಕಂಪ್ಯೂಟರಿಗೆ ಬೆಲೆ ಕಟ್ಟುವ ಕೆಲಸ ಬಂತು. ಅದು ಬಂದದ್ದು ಬಟ್ಟೆ ಒಗೆಯುವ ಕೋಣೆಯಲ್ಲಿ.

ಸ್ವೀಡನ್ನಿನ ಸೋಡರ್‌ಟೆಲ್ಯೆ ಊರಿನ ನಮ್ಮ ಕಟ್ಟಡದಲ್ಲಿ ಎಲ್ಲ ಮನೆಗಳಿಗೂ ಸೇರಿ ನೆಲಮಾಳಿಗೆಯಲ್ಲಿ ಒಂದೇ ಒಗೆಯುವ ಕೋಣೆ. ಹೊತ್ತು ಗೊತ್ತುಮಾಡಿಕೊಂಡು ಹೋಗಬೇಕು, ಹೊತ್ತಿಗೆ ಸರಿಯಾಗಿ ಖಾಲಿ ಮಾಡಬೇಕು, ಒಣಗಿಸುವ ಯಂತ್ರದ ಜಾಲರಿಯಲ್ಲಿ ಕೂತ ನೂಲಿನ ಧೂಳನ್ನು ಬಳಿದು ತೆಗೆಯಬೇಕು. ತಪ್ಪಿದರೆ ಯಾರೂ ಬೈಯುವುದಿಲ್ಲ. ಒಂದು ಚೀಟಿ ಅಂಟಿಸುತ್ತಾರೆ. ಹೆಸರಿಲ್ಲದ ಚೀಟಿ, ಕೆಳಗೆ ಒಂದು ನಗುಮುಖ. ನಮ್ಮೂರಿನಲ್ಲಿ ಪಕ್ಕದ ಮನೆಯವರು ಕಾಂಪೌಂಡಿನ ಮೇಲೆ ಕೈಯಿಟ್ಟು ಹತ್ತು ನಿಮಿಷ ಬೈದರೆ ಹನ್ನೊಂದನೆಯ ನಿಮಿಷಕ್ಕೆ ಕಾಫಿಪುಡಿ ಸಾಲ ಕೇಳಬಹುದು. ಚೀಟಿಯ ಹತ್ತಿರ ಕಾಫಿಪುಡಿ ಕೇಳುವುದು ಹೇಗೆ? ಹದಿಮೂರು ವರ್ಷ ಈ ದೇಶದಲ್ಲಿ ಕಳೆದ ಮೇಲೆ ನನಗೆ ಚಳಿಯ ಭಯ ಹೋಗಿದೆ, ಕತ್ತಲೆಯ ಭಯ ಹೋಗಿದೆ, ಆ ನಗುಮುಖದ ಭಯ ಹೋಗಿಲ್ಲ.

ಅಂದು ನಾನು ಜಾಲರಿಯನ್ನು ಎರಡನೆಯ ಸಲ ಬಳಿಯುತ್ತಿದ್ದಾಗ ಒಳಗೆ ಬಂದವರು ಗುನಿಲ್ಲಾ. ನಮ್ಮ ಕೆಳಗಿನ ಮನೆಯವರು, ಎಂಬತ್ತು ದಾಟಿದವರು, ಒಂದು ಕಾಲಕ್ಕೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಹುಟ್ಟಿದ್ದು ಉತ್ತರದ ಕಡೆ. ಆ ಕಡೆಯವರು 'ಹೌದು' ಎನ್ನುವುದಕ್ಕೆ ಬಾಯಿ ತೆರೆಯುವುದಿಲ್ಲ, ಉಸಿರನ್ನು ಸರಕ್ಕನೆ ಒಳಕ್ಕೆಳೆದುಕೊಳ್ಳುತ್ತಾರೆ. ಮೊದಲ ಸಲ ಲಿಫ್ಟಿನಲ್ಲಿ ಅದನ್ನು ಕೇಳಿದಾಗ ನಾನು ಅವರಿಗೆ ಎದೆನೋವು ಬಂತೆಂದು ತಿಳಿದು ಆಂಬುಲೆನ್ಸಿನ ನಂಬರು ಒತ್ತಲು ಹೊರಟಿದ್ದೆ. ಈ ದೇಶದಲ್ಲಿ ಎಲ್ಲರಿಗೂ ಎಲ್ಲರೂ ಏಕವಚನವೇ. ನಾನು ಬಾಯಲ್ಲಿ ಸ್ವೀಡಿಷಿನ 'ನೀನು' ಅಂದರೂ ಮನಸ್ಸಿನಲ್ಲಿ ಅವರಿಗೆ 'ನೀವು' ಎಂದೇ ತಿದ್ದಿಕೊಳ್ಳುತ್ತೇನೆ. ಇಲ್ಲಿ ಬರೆಯುವಾಗಲೂ ಹಾಗೆಯೇ ಬರೆಯುತ್ತೇನೆ. ಹಿರಿಯರ ಮಡಿಲಲ್ಲಿ ಮಾತು ಕಲಿತವನಿಗೆ ನಾಲಿಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

"ನೀನು ಕಂಪ್ಯೂಟರಿನವನು ಅಲ್ವಾ?" ಎಂದು ಕೇಳಿದರು.

ನಾನು ಲಾರಿಗಳ ಬ್ರೇಕಿನ ಸಾಫ್ಟ್‌ವೇರನ್ನು ಪರೀಕ್ಷೆ ಮಾಡುವವನು. ಆದರೆ ನಮ್ಮ ನೆಂಟರಿಷ್ಟರಲ್ಲಿ ಹೇಗೋ ಹಾಗೆಯೇ ಸ್ವೀಡನ್ನಿನಲ್ಲೂ ಕಂಪ್ಯೂಟರಿನವನೆಂದರೆ ಪ್ರಿಂಟರಿನಿಂದ ಮೊಬೈಲಿನವರೆಗೆ ಎಲ್ಲಕ್ಕೂ ಅವನೇ ವೈದ್ಯ. ಹೌದೆಂದೆ.

"ನನ್ನ ಗಂಡನದೊಂದು ಹಳೇ ಕಂಪ್ಯೂಟರ್ ಇದೆ. ಎಷ್ಟಕ್ಕೆ ಹೋಗಬಹುದು, ನೋಡಿ ಹೇಳು. ನನಗೆ ದುಡ್ಡು ಬೇಕಾಗಿಲ್ಲ. ಒಂದು ಅಂಕಿ ಬೇಕು."

ಅವರ ಗಂಡ ಲೆನಾರ್ಟ್ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಗುನಿಲ್ಲಾ ಆ ತಿಂಗಳ ಕೊನೆಗೆ ಚಿಕ್ಕ ಮನೆಗೆ ಹೋಗುವವರಿದ್ದರು. ಸಾಮಾನು ಅರ್ಧಕ್ಕರ್ಧ ಇಳಿಸಬೇಕಿತ್ತು. ಶಾಲೆಯವರು ಆ ಕಂಪ್ಯೂಟರನ್ನು ಕಸಕ್ಕೆ ಹಾಕುವಾಗ ಲೆನಾರ್ಟ್ ಕೇಳಿ ಮನೆಗೆ ತಂದಿದ್ದರಂತೆ. "ಒಂದು ದಿನ ಇದಕ್ಕೆ ಬೆಲೆ ಬರುತ್ತೆ" ಎಂದು ನೆಲಮಾಳಿಗೆಯಲ್ಲಿ ಇಟ್ಟರಂತೆ. ಮೂವತ್ತು ವರ್ಷ, ಪ್ರತಿ ಕ್ರಿಸ್‌ಮಸ್ ಊಟಕ್ಕೂ, ಮನೆಯವರು ಆ ಮಾತನ್ನು ಎತ್ತಿ ನಕ್ಕರಂತೆ.

"ನಾನೂ ನಕ್ಕಿದ್ದೀನಿ" ಎಂದರು ಗುನಿಲ್ಲಾ, ಟವೆಲು ಮಡಚುತ್ತ. "ಈಗ ನನ್ನ ಮಗ ಪೆರ್, ಅದನ್ನ ಕಸದ ಕೇಂದ್ರಕ್ಕೆ ಹಾಕೋಣ ಅಂತಾನೆ. ಅವನಪ್ಪ ಪೆದ್ದನಾಗಿರಲಿಲ್ಲ. ನಾನು ಹೇಳಿದರೆ ಅವನು ಕೇಳಲ್ಲ. ಅಂಕಿ ಹೇಳಿದರೆ ಕೇಳ್ತಾನೆ."

ನನಗೆ ಅಂಗೈ ಬೆವರಿದ್ದು ಆಗಲೇ. ಇದು ಕಂಪ್ಯೂಟರಿನ ಬೆಲೆಯಲ್ಲ, ಸತ್ತ ಮೇಷ್ಟ್ರ ಬುದ್ಧಿಯ ಬೆಲೆ. ಐದು ಸಾವಿರ ಎಂದರೆ ಜಾಣ, ಐವತ್ತು ಎಂದರೆ ಮೂವತ್ತು ವರ್ಷದ ಪೆದ್ದ. ತೀರ್ಪು ಬರೆಯುವವನು ಬ್ರೇಕು ಪರೀಕ್ಷಿಸುವ ನಾನು. ಆಗುವುದಿಲ್ಲ ಎಂದುಬಿಡಬಹುದಿತ್ತು. ಆದರೆ ಎಂಬತ್ತು ದಾಟಿದವರ ಮುಖಕ್ಕೆ 'ಆಗುವುದಿಲ್ಲ' ಎನ್ನುವ ವಿದ್ಯೆಯನ್ನು ನಮ್ಮ ಮನೆಯಲ್ಲಿ ಯಾರೂ ಕಲಿಸಲಿಲ್ಲ. "ಅದಕ್ಕೇನಂತೆ" ಎಂದೆ. ಅರ್ಧ ಗಂಟೆಯಲ್ಲಿ ಆ ಕಂಪ್ಯೂಟರು ನಮ್ಮ ಊಟದ ಮೇಜಿನ ಮೇಲಿತ್ತು.

ಅದು ಸ್ವೀಡನ್ನಿನಲ್ಲೇ ತಯಾರಾದ ಯಂತ್ರ. ಒಂದು ಕಾಲಕ್ಕೆ ಇಲ್ಲಿನ ಶಾಲೆ ಶಾಲೆಯಲ್ಲೂ ಇತ್ತಂತೆ. ಕೀಲಿಮಣೆಯ ಹೊಟ್ಟೆಯೊಳಗೇ ಇಡೀ ಗಣಕ. ಪಕ್ಕಕ್ಕೆ ಸಣ್ಣ ಟೀವಿಯಂಥ ಪರದೆ. ಕಡತ ಉಳಿಸಿಕೊಳ್ಳುವುದಕ್ಕೆ ಹಾಡು ಕೇಳುವ ಕ್ಯಾಸೆಟ್ಟು. ಬಣ್ಣ ಒಂದಾನೊಂದು ಕಾಲಕ್ಕೆ ಕೆನೆಯಂತಿದ್ದಿರಬೇಕು, ಈಗ ಹಳೆಯ ಪಂಚಾಂಗದ ಹಾಳೆಯಂತಿತ್ತು. ಹಿಂಬದಿಯಲ್ಲಿ ಶಾಲೆಯವರು ಅಂಟಿಸಿದ ನಂಬರಿನ ಚೀಟಿ. ನನ್ನ ಹೆಂಡತಿ ಸುಮಾ ಅಡಿಗೆಮನೆಯಿಂದ ಇಣುಕಿದಳು.

"ಇದೇನ್ರೀ, ಟೈಪಿಂಗ್ ಇನ್‌ಸ್ಟಿಟ್ಯೂಟ್ ತೆಗೀತೀರಾ?"

"ಬೆಲೆ ಕಟ್ಟಬೇಕು."

"ನೀವಾ?" ಎಂದಳು. ಮದುವೆಯಾದ ಹೊಸದರಲ್ಲಿ ಅವಳೂ ಆ ನರಿಯ ಸೈಟನ್ನು ನೋಡಿದ್ದಳು. 

ಬೆಲೆ ಕಟ್ಟುವುದಕ್ಕೆ ಕೂತೆ. ಹಳೆ ಸಾಮಾನು ಮಾರುವ ಜಾಲತಾಣಗಳಲ್ಲಿ ಇಂಥದೇ ಯಂತ್ರಕ್ಕೆ ಒಬ್ಬ ಹನ್ನೆರಡು ಸಾವಿರ ಕ್ರೋನಾ ಕೇಳಿದ್ದ, ಇನ್ನೊಬ್ಬ ಎಂಟುನೂರು. ಸ್ವಲ್ಪ ಹೊತ್ತು ನೋಡಿದ ಮೇಲೆ ಒಂದು ಸತ್ಯ ಹೊಳೆಯಿತು: ಇವೆಲ್ಲ ಮಾರುವವರು ಕೇಳಿದ ಬೆಲೆಗಳು, ಕೊಂಡವರು ಕೊಟ್ಟ ಬೆಲೆಗಳಲ್ಲ. ಕೇಳುವುದಕ್ಕೇನು, ನಾನು ನನ್ನ ಹಳೆಯ ಸ್ವೆಟರಿಗೆ ಹತ್ತು ಸಾವಿರ ಕೇಳಬಹುದು. ಮಾರಿಹೋದವುಗಳ ಪಟ್ಟಿಯನ್ನು ಹುಡುಕಿ ತೆಗೆದೆ. ಅಲ್ಲಿ ಬೆಲೆಗಳು ಮೂರು ಗುಂಪಾಗಿ ನಿಂತಿದ್ದವು. ಕೆಲಸ ಮಾಡುತ್ತದೆ ಎಂದವಕ್ಕೆ ಒಳ್ಳೆಯ ಬೆಲೆ. ಹಾಕಿ ನೋಡಿಲ್ಲ ಎಂದವಕ್ಕೆ ಅದರ ಅರ್ಧವೂ ಇಲ್ಲ. ಹಾಕಿದೆ, ಹೊಗೆ ಬಂತು ಎಂದವಕ್ಕೆ ಕೀಲಿಗಳನ್ನು ಕಿತ್ತು ಮಾರಿದರೆ ಬರುವಷ್ಟು.

"ಹಾಕಿ ನೋಡ್ಬಿಡ್ರೀ ಮತ್ತೆ. ಹತ್ತಿದ್ರೆ ಹತ್ತುತ್ತೆ" ಎಂದಳು ಸುಮಾ.

ಪ್ಲಗ್ಗನ್ನು ಕೈಯಲ್ಲಿ ಹಿಡಿದು ಗೋಡೆಯ ಮುಂದೆ ನಿಂತೆ. ಆ ಎರಡು ಲೋಹದ ಕಡ್ಡಿಗಳಿಗೂ ಗೋಡೆಯ ಎರಡು ತೂತಿಗೂ ನಡುವೆ ಒಂದು ಗೇಣು ಅಂತರ. ಆ ಗೇಣಿನಲ್ಲಿ ಮೇಷ್ಟ್ರು ಜಾಣರೂ ಹೌದು, ಪೆದ್ದರೂ ಹೌದು. ಪ್ಲಗ್ಗನ್ನು ಕೆಳಗಿಟ್ಟೆ.

ನಮ್ಮ ದೊಡ್ಡಮ್ಮನ ಮನೆಯ ಮುಂದೆ ಹಳೆಯ ರೇಷ್ಮೆ ಸೀರೆಗೆ ಸ್ಟೀಲು ಪಾತ್ರೆ ಕೊಡುವವಳು ಬರುತ್ತಿದ್ದಳು. ಸೀರೆಯ ಜರಿ ನಿಜವೋ ಸುಳ್ಳೋ ಎಂದು ತಿಳಿಯಬೇಕಲ್ಲ. ಸೆರಗಿನಿಂದ ನಾಲ್ಕು ಎಳೆ ಕಿತ್ತು, ಬೆಂಕಿಕಡ್ಡಿ ಗೀರಿ ಸುಟ್ಟು, ಬೂದಿಯನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದಳು. ಬೆಳ್ಳಿಯಾದರೆ ಒಂದು ಮಣಿ ಉಳಿಯುತ್ತಿತ್ತು. ಅಕ್ಕಸಾಲಿಗರೂ ಹಾಗೆಯೇ, ಒರೆಗಲ್ಲಿಗೆ ಉಜ್ಜಿದಾಗ ಒಂದು ಗೆರೆಯಷ್ಟು ಚಿನ್ನ ಕಲ್ಲಿನ ಪಾಲಾಗುತ್ತದೆ. ತೆಂಗಿನಕಾಯಿ ಒಳ್ಳೆಯದೋ ಕೆಟ್ಟದೋ ಎಂದು ನೂರು ಸಲ ಕುಟ್ಟಿ ಕೇಳಿದರೂ ಒಡೆಯುವವರೆಗೆ ಗೊತ್ತಾಗುವುದಿಲ್ಲ, ಒಡೆದ ಮೇಲೆ ಅಂಗಡಿಯವನು ವಾಪಸು ತೆಗೆದುಕೊಳ್ಳುವುದಿಲ್ಲ. ಬೆಲೆ ತಿಳಿಯುವುದೆಂದರೆ ವಸ್ತುವಿನಿಂದ ಏನನ್ನೋ ಕಿತ್ತುಕೊಳ್ಳುವುದು ಎಂದು ನನಗೆ ಆಗ ಅನಿಸಿತು. ಇಷ್ಟು ದೊಡ್ಡ ತತ್ವ ಹೊಳೆದದ್ದು ಪ್ಲಗ್ಗು ಚುಚ್ಚಲು ಧೈರ್ಯವಿಲ್ಲದ್ದಕ್ಕೆ. ಬಹುಶಃ ತತ್ವಗಳೆಲ್ಲ ಹುಟ್ಟುವುದು ಹೀಗೆಯೇ.

ಹೆದರಿದವನು ತಜ್ಞರನ್ನು ಹುಡುಕುತ್ತಾನೆ. ಹಳೆಯ ಕಂಪ್ಯೂಟರುಗಳನ್ನು ಕೂಡಿಡುವವರ ಒಂದು ಗುಂಪಿಗೆ ಬರೆದೆ. ಯೋನ್‌ಶೋಪಿಂಗ್ ಊರಿನ ಮಾಟ್ಸ್ ಎಂಬುವವರಿಂದ ಹತ್ತು ನಿಮಿಷಕ್ಕೆ ಉತ್ತರ ಬಂತು. ಉತ್ತರವಲ್ಲ, ಆಜ್ಞೆ: "ವಿದ್ಯುತ್ ಕೊಡಬೇಡ. ಒರೆಸಬೇಡ. ತೊಳೆಯಬೇಡ. ಯಾವುದನ್ನೂ ಮುಟ್ಟಬೇಡ. ಶನಿವಾರ ಹತ್ತಕ್ಕೆ ಬರುತ್ತೇನೆ." ಗುನಿಲ್ಲಾಗೆ ಹೇಳಿದೆ. ಅವರು ಉಸಿರನ್ನು ಒಳಕ್ಕೆಳೆದುಕೊಂಡು, ಶನಿವಾರ ಪೆರ್ ಕೂಡ ಸಾಮಾನು ಸಾಗಿಸಲು ಬರುತ್ತಾನೆ, ಅವನೆದುರಿಗೇ ಆಗಲಿ ಎಂದರು. ನನ್ನ ಹೆಗಲಿನಿಂದ ಭಾರ ಇಳಿಯಿತು. ತೀರ್ಪು ಬರೆಯುವವರು ಬೇರೆ, ನಾನು ಬರೀ ಕಾವಲುಗಾರ. ನಾಲ್ಕು ದಿನ ಮುಟ್ಟದೆ ಇಡುವುದು ಏನು ಮಹಾ?

ಆ ನಾಲ್ಕು ದಿನದ ನಡುವೆ ಆಯುಧಪೂಜೆ ಬರುತ್ತದೆ ಎಂಬುದು ಮಾಟ್ಸ್ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರಬೇಕಿತ್ತು.

ಪರದೇಶದಲ್ಲಿ ನಮ್ಮ ಆಯುಧಪೂಜೆ ವಿಚಿತ್ರ. ಕತ್ತಿಯಿಲ್ಲ, ನೇಗಿಲಿಲ್ಲ. ಲ್ಯಾಪ್‌ಟಾಪು, ವ್ಯಾಕ್ಯೂಮ್ ಕ್ಲೀನರು, ಪಾತ್ರೆ ತೊಳೆಯುವ ಯಂತ್ರ, ಇಂಡಕ್ಷನ್ ಒಲೆ, ಸೈಕಲ್ಲು. ಕಾರಿಲ್ಲದ ವರ್ಷಗಳಲ್ಲಿ ಸುಮಾ ಬಸ್ಸಿನ ಕಾರ್ಡಿಗೇ ಕುಂಕುಮವಿಟ್ಟಿದ್ದಳು. ಅದನ್ನು ಯಂತ್ರ ಓದದೆ ನಾನು ಚಳಿಯಲ್ಲಿ ನಡೆದು ಬಂದಿದ್ದೆ. ಈ ಸಲ ಬುಧವಾರ, ಪೂಜೆಯ ಬೆಳಿಗ್ಗೆ, ನಾನು ಮನೆಯಿಂದಲೇ ಕೆಲಸ ಮಾಡುತ್ತ ಒಂದು ಮೀಟಿಂಗಿನಲ್ಲಿ ಮುಳುಗಿದ್ದೆ. ಸುಮಾ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ಏನೋ ಕೇಳಿದಳು. ಕಿವಿಯಲ್ಲಿ ಬ್ರೇಕಿನ ವಿಚಾರ ನಡೆಯುತ್ತಿತ್ತು. ನಾನು ಹೆಬ್ಬೆರಳೆತ್ತಿ ತೋರಿಸಿದೆ.

ಮೀಟಿಂಗು ಮುಗಿಸಿ ಹೊರಗೆ ಬಂದರೆ ಮೇಷ್ಟ್ರ ಕಂಪ್ಯೂಟರು ಮದುಮಗಳಂತೆ ಕೂತಿತ್ತು. ತಲೆಯ ಮೇಲೆ ಸೇವಂತಿಗೆ. ಹಣೆಯ ಭಾಗದಲ್ಲಿ ನೀರಿನಲ್ಲಿ ಕಲಸಿದ ಅರಿಶಿನದ ದಪ್ಪ ಮೂರು ಪಟ್ಟೆ, ನಡುವೆ ಕುಂಕುಮ.

"ಕೇಳಿದ್ನಲ್ಲ, ಇದಕ್ಕೂ ಇಡ್ಲಾ ಅಂತ. ಥಂಬ್ಸ್ ಅಪ್ ಮಾಡಿದ್ರಿ" ಎಂದಳು ಸುಮಾ. "ಎಲ್ಲದಕ್ಕಿಂತ ಹಿರೀದು ಅಂತ ಸ್ವಲ್ಪ ದೊಡ್ಡದಾಗೇ ಇಟ್ಟೆ."

ಒದ್ದೆ ಬಟ್ಟೆಯಿಂದ ಒರೆಸಿದೆ. ನಮ್ಮ ಲ್ಯಾಪ್‌ಟಾಪಿನಿಂದ, ಸ್ಟೀಲಿನಿಂದ, ಗಾಜಿನಿಂದ ಆ ಅರಿಶಿನ ಎರಡು ಉಜ್ಜಿಗೆ ಹೋಗುತ್ತದೆ. ಹಳೆಯ ಪ್ಲಾಸ್ಟಿಕ್ಕು ಅದನ್ನು ಕುಡಿದುಬಿಟ್ಟಿತ್ತು. ಹಳದಿಯ ಮೂರು ಪಟ್ಟೆ ಹಾಗೇ ಇತ್ತು. ಆಗ, ಇಂಜಿನಿಯರಿಂಗ್ ಪದವಿ ಪಡೆದ ನಾನು, ಪಾತ್ರೆ ತೊಳೆಯುವ ಸೋಪನ್ನು ದಟ್ಟವಾಗಿ ಹಾಕಿ ತಿಕ್ಕಿದೆ.

ಅದು ಕೆಂಪಗಾಯಿತು.

ಕೆಂಪೆಂದರೆ ಸಾಮಾನ್ಯ ಕೆಂಪಲ್ಲ. ಕೋಳಿ ಕುಯ್ದಂತೆ. ಸೋಪಿನ ನೊರೆಯ ಕೆಳಗೆ ಆ ಯಂತ್ರದ ಹಣೆಯಿಂದ ರಕ್ತ ಒಸರುತ್ತಿರುವಂತೆ ಕಂಡು ನಾನು ಬಟ್ಟೆಯನ್ನು ಕೈಬಿಟ್ಟು ಹಿಂದಕ್ಕೆ ಸರಿದೆ. ಸತ್ತವರ ವಸ್ತು, ಪೂಜೆಯ ದಿನ, ಕೈಯೆಲ್ಲ ಕೆಂಪು. ನಾನು ಮೂಢನಂಬಿಕೆಯವನಲ್ಲ ಎಂದು ಎಲ್ಲ ಕಡೆ ಹೇಳಿಕೊಳ್ಳುತ್ತೇನೆ. ಆ ಹೊತ್ತಿನಲ್ಲಿ ಹೇಳಿಕೊಳ್ಳಲಿಲ್ಲ. ಮೈಸೂರಿನ ದೊಡ್ಡಮ್ಮನಿಗೆ ವಿಡಿಯೋ ಕರೆ ಮಾಡಿ ಫೋನನ್ನು ಯಂತ್ರದ ಮುಂದೆ ಹಿಡಿದೆ.

"ಸೋಪ್ ಹಾಕಿದ್ಯೇನೋ?" ಎಂದಳು ದೊಡ್ಡಮ್ಮ, ಕನ್ನಡಕವನ್ನು ಏರಿಸಿಕೊಂಡು.

"ಹೂಂ ದೊಡ್ಡಮ್ಮ."

"ಮಂಕೇ! ಅರಿಶಿನಕ್ಕೆ ಸುಣ್ಣ ಬಿದ್ರೆ ಕೆಂಪಾಗಲ್ವೇನೋ? ಆರತಿ ನೀರು ಮತ್ತೆ ಇನ್ನ್ಯಾತರಲ್ಲಿ ಮಾಡ್ತಾರೆ? ಇಷ್ಟು ವರ್ಷ ನಿನ್ನ ಮುಂದೆ ನಿವಾಳಿಸಿ ಸುರಿದದ್ದೇನು, ಶರಬತ್ತು ಅಂದ್ಕೊಂಡ್ಯಾ? ಸೋಪೂ ಅದರ ತಮ್ಮನೇ."

ಅರಿಶಿನಕ್ಕೂ ಸುಣ್ಣಕ್ಕೂ ಇರುವ ಈ ನಂಟನ್ನು ನಾನು ರಸಾಯನಶಾಸ್ತ್ರದ ಪುಸ್ತಕದಲ್ಲಿಯೂ ಓದಿದ್ದೆ, ಅಂಗಳದಲ್ಲಿಯೂ ನೋಡಿದ್ದೆ. ಎರಡು ಕಡೆ ಕಲಿತದ್ದು ಒಂದು ಕಡೆಯೂ ಒದಗಲಿಲ್ಲ. ಹೆದರಿಕೆಯ ಮೊದಲ ಕೆಲಸವೇ ಅದು, ಗೊತ್ತಿದ್ದದ್ದನ್ನು ಮರೆಸುವುದು.

"ಈಗೇನ್ಮಾಡ್ಲಿ?"

"ನೀರಲ್ಲಿ ಸೋಪ್ ಪೂರ್ತಿ ತೆಗಿ. ಕೆಂಪು ಹೋಗಿ ಮತ್ತೆ ಹಳದಿ ಬರತ್ತೆ. ಆಮೇಲೆ ಬಿಸಿಲಿಗಿಡು. ಅರಿಶಿನ ಬಿಸಿಲಿಗೆ ಹೆದರಿದಷ್ಟು ಇನ್ಯಾವುದಕ್ಕೂ ಹೆದರಲ್ಲ."

ಬಿಸಿಲು! ಅಕ್ಟೋಬರ್ ತಿಂಗಳ ಸ್ವೀಡನ್ನಿನಲ್ಲಿ ಬಿಸಿಲಿಗಿಡು ಎನ್ನುವುದು, ಬೇಸಿಗೆಯ ರಾಯಚೂರಿನಲ್ಲಿ ಮಂಜಿಗಿಡು ಎಂದಹಾಗೆ. ಇಲ್ಲಿನ ಸೂರ್ಯ ಆ ಹೊತ್ತಿಗಾಗಲೇ ರಜೆಯ ಅರ್ಜಿ ಕೊಟ್ಟಿರುತ್ತಾನೆ. ಬಂದರೂ ಆಕಾಶದ ಅಂಚಿನಲ್ಲಿ ಜಾಮೀನಿನ ಮೇಲೆ ಬಿಟ್ಟ ಕೈದಿಯಂತೆ ಓಡಾಡಿ ಮರಳುತ್ತಾನೆ. ಅದೂ ಹೋಗಲಿ ಎಂದರೆ, ಯಂತ್ರ ಕೂಡಿಡುವವರ ಗುಂಪಿನಲ್ಲಿ ಓದಿದ ಇನ್ನೊಂದು ಮಾತು ನೆನಪಾಯಿತು: ಇಂಥ ಹಳೆಯ ಪ್ಲಾಸ್ಟಿಕ್ಕು ಹಳದಿಯಾಗುವುದೇ ಬಿಸಿಲಿನಿಂದ. ಅಲ್ಲಿಗೆ ಸರಿಹೋಯಿತು. ಅರಿಶಿನ ಹೋಗಬೇಕಾದರೆ ಬಿಸಿಲು ಬೇಕು, ಬಿಸಿಲು ಬಿದ್ದರೆ ಯಂತ್ರವೇ ಅರಿಶಿನವಾಗುತ್ತದೆ. ಇಟ್ಟರೂ ಕೆಟ್ಟೆ, ಬಿಟ್ಟರೂ ಕೆಟ್ಟೆ.

ಗುರುವಾರ ಮೋಡ. ಕಿಟಕಿಯ ಬಳಿ ಕೂತು ಆಕಾಶವನ್ನು ಬೇಡಿದೆ. ಶುಕ್ರವಾರ ಬಿಸಿಲು ಬಂತು. ಪಟ್ಟೆಗಳಷ್ಟನ್ನೇ ಬಿಟ್ಟು ಉಳಿದ ಮೈಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಚಪಾತಿ ಕಟ್ಟುವಂತೆ ಕಟ್ಟಿ, ಯಂತ್ರವನ್ನು ಎದೆಗವಚಿಕೊಂಡು ಬಿಸಿಲನ್ನು ಹಿಂಬಾಲಿಸಿದೆ. ಬೆಳಿಗ್ಗೆ ಮಲಗುವ ಕೋಣೆಯ ಕಿಟಕಿ, ಮಧ್ಯಾಹ್ನ ಬಾಲ್ಕನಿ, ಆಮೇಲೆ ಅಡಿಗೆಮನೆ. ಎದುರು ಬಾಲ್ಕನಿಯ ಗಂಡಸು ಕಾಫಿ ಬಟ್ಟಲು ಹಿಡಿದು ನನ್ನನ್ನು ಬಹಳ ಹೊತ್ತು ನೋಡಿದ. ಕೈಬೀಸಿದೆ. ಅವನೂ ಬೀಸಿ ಒಳಗೆ ಹೋದ. ಇನ್ನು ಒಗೆಯುವ ಕೋಣೆಯಲ್ಲಿ ಯಾವ ಚೀಟಿ ಬೀಳುವುದೋ ಎಂಬ ಹೊಸ ಭಯವೊಂದು ಹಳೆಯದರ ಮೇಲೆ ಕೂತಿತು. ಸುಮಾ ಒಂದು ಸಲ ಬಂದು ನೋಡಿ, "ನನ್ನ ಬಾಣಂತನದಲ್ಲಿ ಮಗೂನ ಹೀಗೆ ಬಿಸಿಲು ಕಾಯ್ಸಿದ್ರೆ ನಿಮ್ಮನ್ನ ತಲೆ ಮೇಲೆ ಹೊತ್ಕೋತಿದ್ದೆ" ಎಂದು ಹೋದಳು. ಆಮೇಲೆ ತಾನೇ ಬಂದು ಹಾಳೆಯ ಒಂದು ತುದಿಯನ್ನು ಸರಿಮಾಡಿದಳು. ಅವಳ ಮುಖದಲ್ಲೂ ನಗುವಿರಲಿಲ್ಲ.

ದೊಡ್ಡಮ್ಮನ ಮಾತು ಸುಳ್ಳಾಗಲಿಲ್ಲ. ಸಂಜೆಯ ಹೊತ್ತಿಗೆ ಪಟ್ಟೆಗಳು ತೆಳುವಾಗಿದ್ದವು. ಆದರೆ ಹೋಗಿರಲಿಲ್ಲ. ಗೊತ್ತಿಲ್ಲದವರು ನೋಡಿದರೆ ಕಾಣದಷ್ಟು, ಗೊತ್ತಿದ್ದವನು ನೋಡಿದರೆ ಅದೊಂದೇ ಕಾಣುವಷ್ಟು.

ಹೇಳದೇ ಇದ್ದುಬಿಡಬಹುದಿತ್ತು. ಅಂಥ ಯೋಚನೆ ಬರಲೇ ಇಲ್ಲ ಎಂದು ಬರೆದರೆ ನೀವು ನಂಬುವುದೂ ಇಲ್ಲ. ಬಂತು, ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ನನ್ನ ಜೊತೆ ಕೂತಿತ್ತು. ಆಮೇಲೆ ಎದ್ದು ಕೆಳಗೆ ಹೋಗಿ ಗುನಿಲ್ಲಾ ಅವರ ಬಾಗಿಲು ತಟ್ಟಿದೆ. ಮನೆಯ ತುಂಬ ರಟ್ಟಿನ ಡಬ್ಬಿಗಳು. ನಿಂತೇ ಎಲ್ಲ ಹೇಳಿದೆ: ಹಬ್ಬ, ಅರಿಶಿನ, ಹೆಬ್ಬೆರಳು, ಸೋಪು, ಬಿಸಿಲು.

ಅವರು ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟರು. "ಯಾಕೆ ಹಚ್ಚುತ್ತೀರಿ?" ಎಂದು ಕೇಳಿದರು.

"ವರ್ಷಕ್ಕೊಮ್ಮೆ ಯಂತ್ರಗಳಿಗೆ ಕೈಮುಗಿಯುತ್ತೇವೆ. ವರ್ಷವೆಲ್ಲ ಕೈಕೊಡದೆ ಇರಲಿ, ಕೈ ಕತ್ತರಿಸದೆ ಇರಲಿ ಅಂತ."

"ಅಂದರೆ ಹೆದರಿಕೆ."

"ಅರ್ಧ ಹೆದರಿಕೆ" ಎಂದೆ. "ಅರ್ಧ ಉಪಕಾರ ನೆನೆಯೋದು."

ಅವರು ಉಸಿರನ್ನು ಒಳಕ್ಕೆಳೆದುಕೊಂಡರು. ಪರವಾಗಿಲ್ಲ ಎಂದು ನನ್ನ ಭುಜ ತಟ್ಟುತ್ತಾರೆಂದು ಕಾದೆ. ತಟ್ಟಲಿಲ್ಲ. "ನಾಳೆ ಆ ಮಾಟ್ಸ್ ಬಂದ ಕೂಡಲೇ ಇದನ್ನ ಮೊದಲು ಹೇಳು. ಅಂಕಿ ಕೇಳುವ ಮುಂಚೆ" ಎಂದರು. ನರ್ಸಾಗಿದ್ದವರು. ಗಾಯವನ್ನು ಮುಚ್ಚಿಟ್ಟು ವೈದ್ಯರ ಬಳಿ ಕಳಿಸುವವರಲ್ಲ.

ಶನಿವಾರ ಹತ್ತಕ್ಕೆ ಗುನಿಲ್ಲಾ ಅವರ ಮನೆಯ ಕರೆಗಂಟೆ ಬಾರಿಸಿತು. ಹತ್ತು ಅಂದರೆ ಹತ್ತು. ಮಾಟ್ಸ್ ಐವತ್ತು ದಾಟಿದ, ಉದ್ದನೆಯ, ಮಾತು ಕಡಿಮೆಯ ಮನುಷ್ಯ. ಕೈಯಲ್ಲಿ ಒಂದು ಉಪಕರಣಗಳ ಪೆಟ್ಟಿಗೆ. ಪೆರ್ ಆಗಲೇ ಬಂದಿದ್ದ. ಅಗಲ ಭುಜದವನು, ತಾಯಿಯ ಮನೆಯ ಕಪಾಟುಗಳನ್ನು ಬಿಚ್ಚುತ್ತಿದ್ದ. ಗುನಿಲ್ಲಾ ಕಾಫಿ ಮತ್ತು ದಾಲ್ಚಿನ್ನಿ ಬನ್ನುಗಳನ್ನು ಡಬ್ಬಿಯೊಂದರ ಮೇಲೆ ಜೋಡಿಸಿದ್ದರು. ಯಂತ್ರ ಅವರ ಮೇಜಿನ ಮೇಲಿತ್ತು. ಮನೆಯಲ್ಲಿ ಬಿಚ್ಚದೆ ಉಳಿದಿದ್ದ ಮೇಜು ಅದೊಂದೇ.

"ಓಹೋ, ಅಪ್ಪನ ನಿಧಿಗೆ ಗಿರಾಕಿ!" ಎಂದ ಪೆರ್. "ಕಸದ ಕೇಂದ್ರ ಮೂರಕ್ಕೆ ಮುಚ್ಚತ್ತೆ ಅಮ್ಮಾ, ನೆನಪಿರಲಿ."

ಗುನಿಲ್ಲಾ ನನ್ನ ಕಡೆ ನೋಡಿದರು. ಮಾಟ್ಸ್ ಅವರಿಗೆ ಪಟ್ಟೆಗಳನ್ನು ತೋರಿಸಿ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರು ಬಗ್ಗಿ ನೋಡಿದರು. ಮೂಸಿ ನೋಡಿದರು. "ಮುಟ್ಟಬೇಡ ಅಂದಿದ್ದೆ" ಎಂದರು.

"ಹೌದು."

"ಇನ್ನೂರು ಕಡಿಮೆ."

ಅಷ್ಟೇ. ಮೂರು ದಿನ ನನ್ನ ನೆತ್ತಿಯ ಮೇಲೆ ತೂಗಿದ ಕತ್ತಿ ಇಳಿದ ಮೇಲೆ ನೋಡಿದರೆ ಇನ್ನೂರು ಕ್ರೋನಾ ಉದ್ದ ಇತ್ತು. ಹೇಳಿಬಿಟ್ಟ ಶಿಕ್ಷೆಗೂ ಹೇಳದೆ ಉಳಿದ ಶಿಕ್ಷೆಗೂ ಎಷ್ಟು ಅಂತರ! ಆ ಇನ್ನೂರು ನಾನು ಕೊಡುತ್ತೇನೆ ಎಂದು ಜೇಬಿಗೆ ಕೈಹಾಕಿದರೆ ಗುನಿಲ್ಲಾ ಕಣ್ಣಲ್ಲೇ ಗದರಿದರು.

ಮಾಟ್ಸ್ ಹೆದರಿದ್ದು ಹೊರಗಿನದಕ್ಕಲ್ಲ. ಸ್ಕ್ರೂಗಳನ್ನು ಬಿಚ್ಚಿ ಮುಚ್ಚಳ ಎತ್ತುವ ಮುಂಚೆ ಅವರು ಒಂದು ಕ್ಷಣ ತಡೆದರು. ಕಣ್ಣು ಮುಚ್ಚಿದರೋ ಎಂದು ನನಗೆ ಅನುಮಾನ. ಒಳಗೆ ಏನಾದರೂ ಸೋರಿದ್ದರೆ ತಂತಿಗಳನ್ನೆಲ್ಲ ತಿಂದು ಮುಗಿಸಿರುತ್ತದೆ ಎಂದರು. ಎತ್ತಿದರು. ನಾವೆಲ್ಲ ಬಗ್ಗಿದೆವು, ಪೆರ್ ಕೂಡ ಸ್ಕ್ರೂಡ್ರೈವರು ಹಿಡಿದೇ ಹತ್ತಿರ ಬಂದ. ಒಳಗೆ ತೆಳುವಾದ ಧೂಳು, ಅದರ ಕೆಳಗೆ ಎಲ್ಲವೂ ಸಾಲಾಗಿ ಶುಚಿಯಾಗಿ ಇತ್ತು. ಮಾಟ್ಸ್ ಉಸಿರು ಬಿಟ್ಟರು.

"ಹಾಕಿ ನೋಡದೆ ಹೀಗೇ ಕೊಟ್ಟರೆ ಮೂರು ಸಾವಿರ. ನನ್ನ ಹತ್ತಿರ ವಿದ್ಯುತ್ತನ್ನು ಸ್ವಲ್ಪಸ್ವಲ್ಪವೇ ಏರಿಸುವ ಪೆಟ್ಟಿಗೆ ಇದೆ. ಈಗಲೇ ಇಲ್ಲೇ ನೋಡಬಹುದು. ಎದ್ದರೆ ಏಳು ಸಾವಿರ. ಹೊಗೆ ಬಂದರೆ ಐನೂರು. ನಿನ್ನ ಇಷ್ಟ."

ಗುನಿಲ್ಲಾ ಮೇಜಿನ ಅಂಚನ್ನು ಹಿಡಿದುಕೊಂಡರು. ಏಳು ಸಾವಿರವೆಂದರೆ ಪೆರ್ ಬಾಯಿ ಮುಚ್ಚುತ್ತಾನೆ. ಹೊಗೆಯೆಂದರೆ ಅದೇ ಹೊಗೆಯನ್ನು ಮುಂದಿನ ಎಲ್ಲ ಕ್ರಿಸ್‌ಮಸ್ ಊಟಕ್ಕೂ ಬಡಿಸುತ್ತಾನೆ.

"ಬೇಡ" ಎಂದರು ಗುನಿಲ್ಲಾ. "ಕೊನೆಯ ಇಪ್ಪತ್ತು ವರ್ಷ ಲೆನಾರ್ಟೂ ಹಾಕಲಿಲ್ಲ. ವರ್ಷಕ್ಕೊಂದು ಸಲ ಕೆಳಗೆ ಹೋಗಿ ಧೂಳು ಒರೆಸಿ ಬರ್ತಿದ್ದ. ಹಾಕಿ ನೋಡು ಅಂದರೆ, ನಾಳೆ ಅಂತಿದ್ದ. ಅವನಿಗೂ ಹೆದರಿಕೆ ಇತ್ತು. ನಾನು ಅದನ್ನ ಯಾರಿಗೂ ಹೇಳಿರಲಿಲ್ಲ."

"ಹಾಗಾದರೆ ಮೂರು ಸಾವಿರ, ಇನ್ನೂರು ಕಡಿಮೆ" ಎಂದರು ಮಾಟ್ಸ್.

ಪೆರ್ ಮೂಗಿನಿಂದ ನಕ್ಕ. "ಒಂದು ಹಳೇ ಸೈಕಲ್ಲಿನ ದುಡ್ಡು. ಅದಕ್ಕೆ ಮೂವತ್ತು ವರ್ಷ ಜಾಗ ತಿಂತು. ಅಪ್ಪ ಒಳ್ಳೇ ವ್ಯಾಪಾರಿ!"

ಗುನಿಲ್ಲಾ ಅವರ ಮುಖ ಸಣ್ಣದಾಯಿತು. ಅಂಕಿ ಬಂದಿತ್ತು, ಬಂದು ಏನೂ ಮಾಡಲಿಲ್ಲ. ಅಂಕಿಗಳ ಹಣೆಬರಹವೇ ಅಷ್ಟು, ನಗಬೇಕೆಂದು ನಿಂತವನಿಗೆ ಎಷ್ಟು ಹೇಳಿದರೂ ಕಡಿಮೆಯೇ. ಗುನಿಲ್ಲಾ ಮಾಟ್ಸ್ ಅವರಿಗೆ ಕಾಫಿ ಬಗ್ಗಿಸುತ್ತ, ಉಪಚಾರಕ್ಕೆ ಕೇಳುವಂತೆ ಕೇಳಿದರು:

"ಬೆಳಿಗ್ಗೆ ಎಷ್ಟಕ್ಕೆ ಹೊರಟೆ?"

"ಆರೂ ಮುಕ್ಕಾಲು. ಮೂರು ಗಂಟೆ ದಾರಿ."

"ಈ ಕಡೆ ಬೇರೆ ಕೆಲಸ ಇತ್ತೇನೋ?"

"ಇಲ್ಲ. ಇದಕ್ಕೇ ಬಂದೆ." ಅವರು ಮುಚ್ಚಳವನ್ನು ಮರಳಿ ಕೂರಿಸುತ್ತಿದ್ದರು, ತಲೆಯೆತ್ತಲಿಲ್ಲ. "ನಾನು ಇಂಥದೇ ಯಂತ್ರದಲ್ಲಿ ಪ್ರೋಗ್ರಾಂ ಬರೆಯೋದು ಕಲಿತದ್ದು. ನಮ್ಮ ಶಾಲೆಯಲ್ಲಿ 'ಹಾಳುಮಾಡ್ತೀರಿ' ಅಂತ ಬೈಯುತ್ತ, ಆದರೂ ಮುಟ್ಟೋಕೆ ಬಿಡ್ತಿದ್ದ ಮೇಷ್ಟ್ರು ಒಬ್ಬರಿದ್ದರು. ನಮ್ಮಲ್ಲಿದ್ದ ಯಂತ್ರಗಳನ್ನ ಯಾರೂ ಉಳಿಸಲಿಲ್ಲ."

ಗುನಿಲ್ಲಾ ಮಗನ ಕಡೆ ತಿರುಗಿಯೂ ನೋಡಲಿಲ್ಲ; ಬನ್ನಿನ ತಟ್ಟೆಯನ್ನು ಅವನತ್ತ ಸರಿಸಿದರು, ಅಷ್ಟೆ.

ಕಾಫಿ ಮುಗಿದ ಮೇಲೆ ಮಾಟ್ಸ್ ಯಂತ್ರವನ್ನು ಎತ್ತಲು ಬಗ್ಗಿದಾಗ ಪೆರ್ ಬಂದು, "ಬಿಡು, ನಾನು ತರ್ತೀನಿ" ಎಂದ. ಪರದೆಯನ್ನು ಮಾಟ್ಸ್ ತೆಗೆದುಕೊಂಡರು. ಆ ಬೆಳಿಗ್ಗೆಯೇ ಒಂದು ಸೋಫಾವನ್ನು ಹಾಡು ಗುನುಗುತ್ತ ಕೆಳಗಿಳಿಸಿದ್ದ ಗಂಡಸು ಅವನು. ಈಗ ಆ ಕೀಲಿಮಣೆಯನ್ನು ಎರಡೂ ತೋಳುಗಳ ಮೇಲೆ ಮಲಗಿಸಿಕೊಂಡು ಬಾಗಿಲಲ್ಲಿ ನಿಂತು ಲಿಫ್ಟನ್ನು ನೋಡಿದ, ಅದರ ಬಾಗಿಲು ತಟಕ್ಕನೆ ಮುಚ್ಚಿಕೊಳ್ಳುವುದನ್ನು ನೋಡಿದ, ಮೆಟ್ಟಿಲುಗಳ ಕಡೆ ತಿರುಗಿದ. ಕಾಲನ್ನು ಮೊದಲು ಮುಂದೆ ಚಾಚಿ, ಮೆಟ್ಟಿಲು ಅಲ್ಲೇ ಇದೆಯೇ ಎಂದು ತಡವಿ, ಆಮೇಲೆ ಭಾರ ಬಿಡುತ್ತಿದ್ದ. ನಾನು ಹಿಂದೆ ಹಿಂದೆಯೇ ಇಳಿದೆ.

"ಕೆಳಗಿನ ಬಾಗಿಲು ಹಿಡಿ" ಎಂದ ನನಗೆ. ಎರಡು ಮೆಟ್ಟಿಲು ಇಳಿದು ಮತ್ತೆ, "ಬಾಗಿಲು, ಬಾಗಿಲು!" ಎಂದ. ಮೇಲಿನಿಂದ ಗುನಿಲ್ಲಾ ಮೆಟ್ಟಿಲ ಕಂಬಿಯ ಮೇಲೆ ಬಗ್ಗಿ, "ಮೆಲ್ಲಗೆ, ಪೆರ್" ಎಂದರು. ಅವನು ಜೋಕು ಮಾಡಲಿಲ್ಲ. ಇನ್ನೂ ಮೆಲ್ಲಗೆ ಇಳಿದ.

ಓಡಿಹೋಗಿ ಬಾಗಿಲು ಹಿಡಿದು ನಿಂತೆ. ಅವನು ಇಳಿದು ಬರುವುದನ್ನೇ ನೋಡುತ್ತಿದ್ದ ನನಗೆ ಅನಿಸಿದ್ದು ಇಷ್ಟೇ: ಒಂದು ವಸ್ತುವಿನ ಬೆಲೆಯನ್ನು ಅದನ್ನು ಕೇಳಿದವನ ಬಾಯಲ್ಲಿ ಹುಡುಕಬಾರದು, ಕೊಟ್ಟವನ ಜೇಬಿನಲ್ಲಿಯೂ ಹುಡುಕಬಾರದು, ಹೊತ್ತವನ ಕಾಲಲ್ಲಿ ನೋಡಬೇಕು.